ಹೊಲಿಗೆ ಒಣಗಿದರೂ ನೋವು ಹೋಗದಿದ್ದರೆ...



ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಬಳಿ ಕಲಿತಿದ್ದ ಹುಡುಗಿಯೊಬ್ಬಳು ಐದು ತಿಂಗಳ ಮಗುವನ್ನೆತ್ತಿಕೊಂಡು ಮನೆಗೆ ಬಂದಿದ್ದಳು. ಚಾಪೆ ಹಾಸಿಕೊಟ್ಟರೆ, "ಬೇಡ ಟೀಚರ್, ನಿಂತೇ ಇರ್ತೇನೆ" ಎಂದಳು. ಮತ್ತೆ ಮತ್ತೆ ಕೇಳಿದಾಗ ಕಣ್ಣು ತುಂಬಿ ಬಂತು. ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಜಾಗ ಇನ್ನೂ ನೋಯುತ್ತಿತ್ತು. ನಮಾಝ್ ಕೂಡಾ ಕುರ್ಚಿಯಲ್ಲೇ. ಗಂಡನ ಸಮೀಪ ಹೋಗಲು ಹೆದರಿಕೆ. ಅತ್ತೆಗೆ ಹೇಳಿದರೆ, "ನಾವು ಆರು ಹೆತ್ತವರು, ನಮಗೇನೂ ಆಗಲಿಲ್ಲ" ಎಂಬ ಉತ್ತರ. ನಾನಾದರೂ ಏನು ಹೇಳಿದೆ? "ಸಬ್ರ್ ಮಾಡು, ಸರಿಯಾಗ್ತದೆ."

ನಾಲ್ಕು ತಿಂಗಳ ನಂತರ ಆಕೆ ಮತ್ತೆ ಸಿಕ್ಕಾಗಲೂ ನೋವು ಹಾಗೆಯೇ ಇತ್ತು. ಅಂದು ನಾನು ಆಡಿದ ಮಾತು ನನ್ನನ್ನೇ ಚುಚ್ಚಿತು. ಮರುದಿನವೇ ಅವಳನ್ನು ಮಹಿಳಾ ವೈದ್ಯರ ಬಳಿಗೆ ಕರೆದುಕೊಂಡು ಹೋದೆ.

ಹೆರಿಗೆಯ ಹೊಲಿಗೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕರಗಿ, ಗಾಯ ಮಾಯುತ್ತದೆ. ಆರೇಳು ವಾರ ಕಳೆದ ಮೇಲೂ ಕುಳಿತಾಗ, ಮಲವಿಸರ್ಜನೆಯ ವೇಳೆ ಅಥವಾ ದಾಂಪತ್ಯ ಸಂಪರ್ಕದಲ್ಲಿ ನೋವಿದ್ದರೆ ಅದಕ್ಕೆ ಕಾರಣವಿದ್ದೇ ಇರುತ್ತದೆ. ಗಾಯದ ಕಲೆ ಬಿಗಿದು ಗಟ್ಟಿಯಾಗಿರಬಹುದು. ಮಾಯುವಾಗ ಕೆಂಪಗಿನ ಹಸಿ ಮಾಂಸ ಬೆಳೆದಿರಬಹುದು. ನರವೊಂದು ಕಲೆಯೊಳಗೆ ಸಿಲುಕಿರಬಹುದು. ಹಾಲೂಡಿಸುವ ಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಭಾಗ ಒಣಗುವುದೂ ಉಂಟು. ನೋವಿಗೆ ಹೆದರಿ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಸದಾ ಬಿಗಿಹಿಡಿಯುವುದು ಇನ್ನೊಂದು ಕಾರಣ. ಬಿಗಿದಷ್ಟೂ ನೋವು, ನೋವಿದ್ದಷ್ಟೂ ಬಿಗಿತ.

ಸಿಸೇರಿಯನ್ ಆದವರೂ ಇದರಿಂದ ಹೊರತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 31.5 ಸಿಸೇರಿಯನ್. ಹೊಟ್ಟೆಯ ಕಲೆ ಒಳಗಿನ ಪದರಗಳಿಗೆ ಅಂಟಿಕೊಂಡರೆ ಎದ್ದು ನಿಲ್ಲುವಾಗ ಎಳೆದಂತಾಗುತ್ತದೆ. ಮುಟ್ಟಿನ ದಿನಗಳಲ್ಲಿ ಕಲೆಯ ಜಾಗ ಊದಿ ನೋಯುತ್ತಿದ್ದರೆ, ಅಥವಾ ಕೆಮ್ಮಿದಾಗ ಅಲ್ಲಿ ಗಂಟು ಉಬ್ಬಿ ಬಂದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಚಿಕಿತ್ಸೆ ಏನು? ಮೊದಲು ಪರೀಕ್ಷೆ. ಗಾಯ ಪೂರ್ತಿ ಮಾಯ್ದಿದೆ ಎಂದು ವೈದ್ಯರು ಹೇಳಿದ ಮೇಲೆ, ಶುದ್ಧ ಕೈಯಿಂದ ಸಾದಾ ಎಣ್ಣೆ ಹಚ್ಚಿ ದಿನಕ್ಕೆ ಐದು ನಿಮಿಷ ಕಲೆಯನ್ನು ಮೆಲ್ಲಗೆ ತಿಕ್ಕುವ ಕ್ರಮವನ್ನು ಅವರಿಂದಲೇ ಕಲಿಯಬಹುದು. ಫಿಸಿಯೋಥೆರಪಿ ತಜ್ಞೆಯರು ಸ್ನಾಯುಗಳನ್ನು ಸಡಿಲಿಸುವುದನ್ನು ಕಲಿಸುತ್ತಾರೆ. ಸ್ನಾಯು ಬಿಗಿದಿರುವಾಗ ಯಾರೋ ಹೇಳಿದರೆಂದು ಬಿಗಿಹಿಡಿಯುವ ವ್ಯಾಯಾಮವನ್ನೇ ಮಾಡಿದರೆ ನೋವು ಹೆಚ್ಚಬಹುದು. ಮೊದಲು ಸಡಿಲಿಸಬೇಕು, ಬಲಪಡಿಸುವುದು ಆಮೇಲೆ. ಒಣಗುವಿಕೆಗೆ ಮುಲಾಮು, ಹಸಿ ಮಾಂಸಕ್ಕೆ ಔಷಧಿಯ ಲೇಪ, ಕೆಲವರಿಗೆ ನೋವಿನ ಜಾಗಕ್ಕೆ ಇಂಜೆಕ್ಷನ್ ನೀಡುತ್ತಾರೆ. ಕಲೆಯನ್ನು ಬಿಡಿಸಿ ಮತ್ತೆ ಹೊಲಿಯುವ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ.

ನಮ್ಮ ಬಾಣಂತಿ ಕೋಣೆಯ ಒಂದು ರೂಢಿಯನ್ನೂ ಹೇಳಬೇಕು. ಹೊಟ್ಟೆ ದೊಡ್ಡದಾಗುತ್ತದೆಂದು ಬಾಣಂತಿಗೆ ನೀರು ಕೊಡದ ಮನೆಗಳಿವೆ. ನೀರಿಲ್ಲದಿದ್ದರೆ ಮಲ ಗಟ್ಟಿಯಾಗಿ, ತಿಣುಕಿದಾಗ ಹೊಲಿಗೆಯ ಜಾಗಕ್ಕೆ ಪೆಟ್ಟು. ಹಾಲೂಡಿಸುವವಳಿಗೆ ಬಾಯಾರಿಕೆಯೂ ಹೆಚ್ಚು. ಧಾರಾಳ ನೀರು, ಸೊಪ್ಪು, ಹಣ್ಣು ಕೊಡಿ. ಕುದಿಯುವಂತಹ ನೀರನ್ನು ಹೊಲಿಗೆಗೆ ಎರಚುವುದು ಬೇಡ. ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂತರೆ ಹಾಯೆನಿಸುತ್ತದೆ.

ಜ್ವರ, ಕೀವು, ದುರ್ವಾಸನೆಯ ಸ್ರಾವ, ಹೆಚ್ಚುತ್ತಿರುವ ಕೆಂಪು ಊತ, ವಿಪರೀತ ರಕ್ತಸ್ರಾವ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಮಲ ಮೂತ್ರ ಹಿಡಿತಕ್ಕೆ ಸಿಗದಿದ್ದರೂ ನಾಚದೆ ಹೇಳಿ. ಅದಕ್ಕೂ ಚಿಕಿತ್ಸೆಯಿದೆ.

ಇನ್ನು ಗಂಡಂದಿರಿಗೊಂದು ಮಾತು. ಈ ಪುಟವನ್ನು ನೀವೂ ಓದುತ್ತೀರೆಂದು ಬಲ್ಲೆ. ಆಕೆ ದೂರ ಸರಿದರೆ ಅದು ತಿರಸ್ಕಾರವಲ್ಲ, ನೋವು. ನಲವತ್ತು ದಿನ ಮುಗಿಯಿತೆಂದು ಗಾಯಕ್ಕೆ ಗೊತ್ತಿರುವುದಿಲ್ಲ. ಒತ್ತಾಯಿಸಬೇಡಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ನನ್ನ ಶಿಷ್ಯೆಗೆ ಕಲೆಯ ಬಿಗಿತವೂ ಸ್ನಾಯುಗಳ ಬಿಗಿತವೂ ಇತ್ತು. ಕೆಲವು ತಿಂಗಳ ಚಿಕಿತ್ಸೆಯ ಬಳಿಕ ಒಂದು ಸಂಜೆ ಬಂದವಳು ಚಾಪೆಯ ಮೇಲೆ ಕುಳಿತು ಚಹಾ ಕುಡಿದಳು. ನಾನೇನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರೂ ನಕ್ಕೆವು.

ನೋವಿರುವವರು ಕುಳಿತು ನಮಾಝ್ ಮಾಡಬಹುದು, ಅದು ನಮಗಿರುವ ರಿಯಾಯಿತಿ. ಆದರೆ ರಿಯಾಯಿತಿ ಸಿಕ್ಕಿತೆಂದು ಮದ್ದು ಬಿಡಬೇಕೆಂದಿಲ್ಲ. ಸಬ್ರ್ ಎಂದರೆ ಬಾಯಿ ಮುಚ್ಚಿ ನರಳುವುದಲ್ಲ. ಮದ್ದು ಮಾಡುತ್ತಾ ಗುಣವಾಗುವ ತನಕ ಕಾಯುವುದು. ನಿಮ್ಮ ಮನೆಯ ಬಾಣಂತಿ ಇಂದು ಹೇಗೆ ಕೂರುತ್ತಾಳೆಂದು ಒಮ್ಮೆ ನೋಡಿ. ನಂತರ ಮೆಲ್ಲಗೆ ಕೇಳಿ.