ಅರ್ಜಿ ಅವರದು, ಅದನ್ನು ತೆರೆಯುವ ಪಾಡು ನಮ್ಮದೇ?

ಊಟಕ್ಕೆ ಕರೆದವರು ಎಲೆ ಹಾಕಬೇಕು, ನೀರು ಇಡಬೇಕು. ‘ಅನ್ನ ನಮ್ಮದು, ಎಲೆ ನೀವೇ ಹುಡುಕಿಕೊಂಡು ಬನ್ನಿ’ ಅಂದರೆ ಅದು ಊಟವಲ್ಲ, ಅವಮಾನ. ಆನ್‌ಲೈನ್ ಅರ್ಜಿಗಳ ವಿಷಯದಲ್ಲಿ ನಮ್ಮ ಇಲಾಖೆಗಳು ಮಾಡುತ್ತಿರುವುದು ಇದನ್ನೇ. ಅರ್ಜಿ ಕೊಡುತ್ತಾರೆ. ಅದು ತೆರೆಯಲು ಬೇಕಾದ ಫಾಂಟು, ಡ್ರೈವರು, ಪಿಡಿಎಫ್ ರೀಡರು, ಸಹಿ ಹಾಕುವ ತಂತ್ರಾಂಶ ಎಲ್ಲವನ್ನೂ ಹುಡುಕಿ ಕಂಪ್ಯೂಟರಿಗೆ ಹಾಕಿಕೊಳ್ಳುವ ಕೆಲಸ ನಿಮ್ಮ ತಲೆಗೆ.

ಇದು ಕಂಪ್ಯೂಟರ್ ಓದಿದವರ ತಕರಾರು ಅಂತ ಪಕ್ಕಕ್ಕೆ ಇಡಬೇಡಿ. ಇದು ದುಡ್ಡಿನ ಮಾತು.

ರೈತ ಉತ್ಪಾದಕ ಕಂಪನಿಗಳನ್ನೇ ನೋಡಿ. ದೇಶದಲ್ಲಿ 10,000 ಹೊಸ ಎಫ್‌ಪಿಒ ಕಟ್ಟುವ ಯೋಜನೆ 2020ರಲ್ಲಿ ಶುರುವಾಯಿತು. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಮೇಲೆ ತೊಗರಿ ಮಾರುವ ರೈತರ ಕಂಪನಿಯೂ ಕಂಪನಿಯೇ. ವರ್ಷಕ್ಕೊಮ್ಮೆ ಲೆಕ್ಕಪತ್ರದ ನಮೂನೆ, ವಾರ್ಷಿಕ ವಿವರದ ನಮೂನೆ ಎರಡನ್ನೂ ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆಗೆ ಸಲ್ಲಿಸಬೇಕು. ತಡವಾದರೆ 2018ರ ಜುಲೈನಿಂದ ದಿನಕ್ಕೆ ಒಂದೊಂದು ನಮೂನೆಗೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡಕ್ಕೂ ಸೇರಿ ದಿನಕ್ಕೆ 200. ಒಂದು ತಿಂಗಳು ತಡವಾದರೆ 6,000 ರೂಪಾಯಿ. ಇದು ಷೇರು ಹಾಕಿದ ರೈತರ ದುಡ್ಡು.

ತಡವಾಗುವುದು ಬರೀ ಸೋಮಾರಿತನದಿಂದಲ್ಲ. ನಿರ್ದೇಶಕರು ಡಿಜಿಟಲ್ ಸಹಿ ಹಾಕಬೇಕು. ಅದಕ್ಕೊಂದು ಯುಎಸ್‌ಬಿ ಟೋಕನ್. ಟೋಕನ್ನಿಗೆ ಡ್ರೈವರ್. ಆ ಸಹಿಯನ್ನು ಜಾಲತಾಣಕ್ಕೆ ಜೋಡಿಸಲು ಇನ್ನೊಂದು ತಂತ್ರಾಂಶ. ಸಹಿ ಕೂರಿಸಲು ಅಡೋಬ್ ರೀಡರ್. ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಅರ್ಜಿ ಹೋಗುವುದಿಲ್ಲ, ದಂಡದ ಮೀಟರ್ ಮಾತ್ರ ನಿಲ್ಲುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯಲ್ಲಿ ಪೂಜಾರಿಯ ಜಾಗಕ್ಕೆ ಈಗ ಡ್ರೈವರ್ ಬಂದು ಕೂತಿದೆ.

ಎರಡನೆಯದು ನಮ್ಮ ಕನ್ನಡದ್ದೇ ಕಥೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ನಮೂನೆ ನಿಮ್ಮ ವಾಟ್ಸಾಪಿಗೆ ಬಂದಿರಬಹುದು. ತೆರೆದರೆ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಚುಕ್ಕಿ ಸಿಕ್ಕಿಸಿದಂಥ ಗೀಚು. ಕಾರಣ ಸರಳ. ಆ ಹಳೆಯ ಪದ್ಧತಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಇಟ್ಟಿತ್ತು. ಫಾಂಟ್ ಇಲ್ಲದ ಮೊಬೈಲಿಗೆ ಕಾಣುವುದು ಮನೆ ಮಾತ್ರ, ಬಾಡಿಗೆದಾರನಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರಲ್ಲಿ. ಹಳೆಯ ಫಾಂಟ್ ಬಿಡಲಾಗದಿದ್ದರೆ ಅದನ್ನು ಪಿಡಿಎಫ್ ಒಳಗೇ ಸೇರಿಸಿ ಕಳಿಸಬಹುದು, ಆಗ ಓದುವುದಕ್ಕಾದರೂ ಬರುತ್ತದೆ. ಅಷ್ಟು ಮಾಡದವರು ‘ಫಾಂಟ್ ಹಾಕಿಕೊಳ್ಳಿ’ ಅಂತ ರೈತನಿಗೆ ಹೇಳುತ್ತಾರೆ!

ಮೂರನೆಯದು ಹೆಬ್ಬೆಟ್ಟು. ಆಧಾರ್ ಬೆರಳಚ್ಚಿಗೆ ಯಂತ್ರ ಕೊಂಡರೆ ಸಾಲದು. ಕಂಪ್ಯೂಟರಿನಲ್ಲಿ ಡ್ರೈವರ್ ಬೇರೆ, ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಬೇರೆ. ಕೆಲವು ಯಂತ್ರಗಳಿಗೆ ಅವಧಿ ಮುಗಿದ ಮೇಲೆ ದುಡ್ಡು ಕಟ್ಟಿ ನವೀಕರಿಸಬೇಕು. ಅದು ನಿಂತ ದಿನ ಸೇವಾ ಕೇಂದ್ರದ ಮುಂದೆ ಕೂತ ಅಜ್ಜಿಗೆ ಸಿಗುವ ಉತ್ತರ ಒಂದೇ: ‘ಸರ್ವರ್ ಇಲ್ಲಜ್ಜಿ, ನಾಳೆ ಬಾ.’ ಸರ್ವರ್ ಸರಿ ಇದ್ದರೂ ಬೈಗುಳ ಅದಕ್ಕೇ.

‘ಇದೆಲ್ಲ ಭದ್ರತೆಗಾಗಿ’ ಅನ್ನುತ್ತಾರೆ. ಒಪ್ಪುತ್ತೇವೆ, ಅರ್ಧ. ಬೆರಳಚ್ಚು ಕದಿಯಬಾರದು, ಕದ್ದದ್ದನ್ನು ಮತ್ತೆ ಬಳಸಬಾರದು ಅಂತಲೇ ಆರ್‌ಡಿ ಸರ್ವಿಸ್ ಬಂತು. ಅದು ಬೇಕು. ಆದರೆ ಅಸಲಿ ತಂತ್ರಾಂಶ ಎಲ್ಲಿದೆ ಅಂತ ಕನ್ನಡದಲ್ಲಿ ಹೇಳದೆ ಜನರನ್ನು ಯೂಟ್ಯೂಬಿಗೆ ಬಿಟ್ಟರೆ ಯಾವ ಭದ್ರತೆ ಉಳಿಯಿತು? ಯಾರೋ ಕಳಿಸಿದ ಲಿಂಕ್ ಒತ್ತಿ, ಆಂಟಿವೈರಸ್ ಆಫ್ ಮಾಡಿ, ಕೇಳಿದ್ದಕ್ಕೆಲ್ಲ ‘ಯೆಸ್’ ಅನ್ನುವ ಚಟ ಹಿಡಿಯುತ್ತದೆ. ಕಳ್ಳನಿಗೆ ಬೇಕಾದದ್ದೂ ಅದೇ.

ದಕ್ಷಿಣ ಕೊರಿಯಾ ಈ ಪಾಠಕ್ಕೆ ಬೆಲೆ ತೆತ್ತಿದೆ. ಅಲ್ಲಿ ಬ್ಯಾಂಕಿಗೂ ಖರೀದಿಗೂ ಸರ್ಕಾರ ಒಪ್ಪಿದ ಡಿಜಿಟಲ್ ಸರ್ಟಿಫಿಕೇಟ್ ಬೇಕಿತ್ತು. ಅದಕ್ಕೆ ಆಕ್ಟಿವ್‌ಎಕ್ಸ್ ಎಂಬ ಬಿಡಿಭಾಗ ಇಳಿಸಿಕೊಳ್ಳಬೇಕಿತ್ತು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುತ್ತಿತ್ತು. ಧಾರಾವಾಹಿಯಲ್ಲಿ ನಾಯಕಿ ತೊಟ್ಟ ಕೋಟನ್ನು ವಿದೇಶಿ ಅಭಿಮಾನಿಗಳು ಕೊಳ್ಳಲಾಗುತ್ತಿಲ್ಲ ಅಂತ 2014ರಲ್ಲಿ ಅಧ್ಯಕ್ಷೆ ಪಾರ್ಕ್ ಗ್ಯುನ್‌ಹೇ ಅವರೇ ತಕರಾರು ಎತ್ತಿದರು. 2020ರ ಡಿಸೆಂಬರಿನಲ್ಲಿ ಆ ಸರ್ಟಿಫಿಕೇಟಿನ ಏಕಸ್ವಾಮ್ಯ ಮುಗಿಯಿತು. ಒಂದು ಕೋಟಿಗಾಗಿ ಅಲ್ಲಿ ಅಧ್ಯಕ್ಷರು ಮಾತಾಡಿದರು. ಇಲ್ಲಿ ರೈತರ ಕಂಪನಿಯ ದಂಡಕ್ಕೆ ಯಾರು ಮಾತಾಡುತ್ತಾರೆ?

ಸರಳ ಮಾಡಲು ಬರುವುದಿಲ್ಲವೇ? ಬರುತ್ತದೆ, ಮಾಡಿದ್ದಾರೆ. ಡಿಜಿಟಲ್ ಸಹಿ ಇಲ್ಲದವರು ಆದಾಯ ತೆರಿಗೆ ವಿವರದ ಪ್ರತಿಗೆ ಕೈಸಹಿ ಹಾಕಿ ಬೆಂಗಳೂರಿನ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದ ಕಾಲವಿತ್ತು. 2015ರಿಂದ ಆಧಾರ್ ಒಟಿಪಿ ಸಾಕಾಯಿತು. ಟೋಕನ್ ಇಲ್ಲದೆ ಸಹಿ ಹಾಕುವ ಇ-ಸೈನ್‌ಗೂ ಅದೇ ವರ್ಷ ಕಾನೂನಿನ ಒಪ್ಪಿಗೆ ಸಿಕ್ಕಿತು. ದಾರಿ ಇದೆ, ನಡೆಯುವ ಮನಸ್ಸಿಲ್ಲ.

ನಮ್ಮ ಬೇಡಿಕೆ ಇಷ್ಟೇ. ಒಂದು, ಮೊಬೈಲಿನ ಬ್ರೌಸರಿನಲ್ಲಿ ತುಂಬಲಾಗದ ಅರ್ಜಿಯನ್ನು ಜನರಿಗೆ ಕೊಡಬೇಡಿ. ಎರಡು, ಬಿಡಿಭಾಗ ಬೇಕೇ ಬೇಕು ಅಂದರೆ ಅರ್ಜಿಯ ಪಕ್ಕದಲ್ಲೇ, ಒಂದೇ ಕಟ್ಟಿನಲ್ಲಿ, ಪುಕ್ಕಟೆಯಾಗಿ, ಕನ್ನಡದ ವಿವರಣೆಯೊಂದಿಗೆ ಇಡಿ. ಮೂರು, ಏನು ಕಡಿಮೆ ಇದೆ ಅಂತ ಅರ್ಜಿ ತುಂಬುವ ಮೊದಲೇ ಹೇಳಿ, ಕೊನೆಯ ಪುಟದಲ್ಲಲ್ಲ. ನಾಲ್ಕು, ಕನ್ನಡ ಅಂದರೆ ಯುನಿಕೋಡ್. ಐದು, ನಿಮ್ಮ ತಂತ್ರಾಂಶ ಕೈಕೊಟ್ಟ ದಿನಕ್ಕೆ ನಮ್ಮಿಂದ ದಂಡ ವಸೂಲಿ ಮಾಡಬೇಡಿ.

ಓದುಗರಿಗೂ ಒಂದು ಮಾತು. ಅರ್ಜಿ ತೆರೆಯದಿದ್ದರೆ ‘ನಮಗೆ ಗೊತ್ತಾಗಲಿಲ್ಲ’ ಅಂತ ತಲೆ ತಗ್ಗಿಸಬೇಡಿ. ತಾರೀಖು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಇಲಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ದೂರು ಎಲ್ಲಿಗೆ ಬಂತು ಅಂತ ಕೇಳಿ. ಗ್ರಾಮ ಸಭೆಯಲ್ಲಿ ರಸ್ತೆ, ನೀರಿನ ಜೊತೆ ಇದನ್ನೂ ಎತ್ತಿ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಕೊಡುತ್ತಿದ್ದ ಕಾಲದಲ್ಲಿ ಯಾವ ಗುಮಾಸ್ತನೂ ‘ಪೆನ್ನಿನ ಡ್ರೈವರ್ ಹಾಕಿಕೊಂಡು ಬಾ’ ಅಂದಿರಲಿಲ್ಲ.