ಕಾಲಿಗೆ ಎರಡು ಲೆಕ್ಕ ಇಡಬಾರದು



ಹೋದ ತಿಂಗಳು ಹೊಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯ ವರ್ತಕರೊಬ್ಬರು, "ಏನ್ರೀ, ಮತ್ತೆ ಓಡೋದಕ್ಕೆ ಶುರು ಮಾಡಿದ್ದೀರಂತೆ? ಕಾಲು ಕೆಡಿಸಿಕೊಂಡು ಮೂರು ವರ್ಷ ಕೂತದ್ದು ಸಾಲದೇ?" ಎಂದರು. ಸುತ್ತಲಿದ್ದವರು ನಕ್ಕರು, ನಾವೂ ನಕ್ಕೆವು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಪಂಕ್ತಿಯಲ್ಲಿ ಕೊಡಲಾಗದ ಉತ್ತರವನ್ನು ಈ ತಿಂಗಳ ಅಂಕಣದಲ್ಲಿ ಕೊಡುತ್ತೇವೆ.

ನಮ್ಮದು ಬಾಗಲೂರಿನಲ್ಲಿ ಪಾತ್ರೆ ಅಂಗಡಿ. ಓದಿದ್ದು ಎಸ್.ಎಸ್.ಎಲ್.ಸಿ. ಐವತ್ತು ದಾಟುವ ತನಕ ಗಲ್ಲಾ ಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ. 2014ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಗೊತ್ತಾಯಿತು. ಹೆದರಿಕೊಂಡು ನಡೆಯಲು ಶುರು ಮಾಡಿದೆವು. ನಡಿಗೆ ಓಟವಾಯಿತು. ಬೆಳಿಗ್ಗೆ ಐದಕ್ಕೆ, ಗುಲಾಬಿ ಹೂವಿನ ಗಾಡಿಗಳು ಹೊಸೂರಿನ ಕಡೆ ಹೊರಡುವ ಹೊತ್ತಿಗೆ ನಾವೂ ರಸ್ತೆಗೆ ಇಳಿಯುತ್ತಿದ್ದೆವು. ಹಾಫ್ ಮ್ಯಾರಥಾನ್ ಎಂದರೆ 21 ಕಿಲೋಮೀಟರಿನ ಮೇಲೆ ಇನ್ನೊಂದು ನೂರು ಮೀಟರು. ನಮ್ಮ ಊರಿನಿಂದ ಹೊಸೂರಿಗೆ ಹೋಗಿ ಬಂದರೆ ಹೆಚ್ಚುಕಡಿಮೆ ಅಷ್ಟು ದೂರವಾಗುತ್ತದೆ. 2019ರಲ್ಲಿ ಬೆಂಗಳೂರಿನಲ್ಲಿ ಅಷ್ಟನ್ನು 2 ಗಂಟೆ 14 ನಿಮಿಷದಲ್ಲಿ ಓಡಿದೆವು. ಕೊಡ ಕೊಳ್ಳಲು ಬಂದ ಗಿರಾಕಿಗಳಿಗೂ ಆ ಸುದ್ದಿ ಹೇಳದೆ ಬಿಡಲಿಲ್ಲ.

2022ರ ಮಳೆಗಾಲದಲ್ಲಿ ಬಲಗಾಲಿನ ಹಿಮ್ಮಡಿ ಮೇಲೆ ನೋವು ಕಾಣಿಸಿತು. ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಕುಂಟಬೇಕು, ಆಮೇಲೆ ಸರಿ. ಓಡಿದರೆ ಬೆಚ್ಚಗಾಗಿ ನೋವು ಮರೆಯುತ್ತಿತ್ತು, ಮಾರನೆಯ ದಿನ ಎರಡರಷ್ಟಾಗಿ ಬರುತ್ತಿತ್ತು. ಮನೆಯವರು ಕೇಳಿದರೆ "ಏನಿಲ್ಲ, ಮಲಗಿದ್ದು ಸರಿಯಾಗಿಲ್ಲ" ಎನ್ನುತ್ತಿದ್ದೆವು. ಅವರು ಏಳುವ ಮುಂಚೆಯೇ ಕಂಬಿ ಹಿಡಿದು ಮಹಡಿ ಮೆಟ್ಟಿಲು ಇಳಿದುಬಿಡುತ್ತಿದ್ದೆವು. ಮೂರು ತಿಂಗಳು ಹೀಗೆ ಕಳೆಯಿತು. ಕೊನೆಗೆ ಒಂದು ಬೆಳಿಗ್ಗೆ ಮೂರನೆಯ ಮೆಟ್ಟಿಲಲ್ಲಿ ಕೂತುಬಿಟ್ಟೆವು. ಮನೆಯವರು ಬಂದು ನೋಡಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಅಂಗಡಿಯಲ್ಲಿ ಎರಡು ಲೆಕ್ಕ ಇಡಬಾರದು ಅಂತ ಮಗನಿಗೆ ಬುದ್ಧಿ ಹೇಳ್ತೀರಿ. ಕಾಲಿಗೆ ಮಾತ್ರ ಎರಡು ಲೆಕ್ಕ ಯಾಕ್ರೀ?"

ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ಹಗ್ಗದ ಹಾಗೆ ಒಂದು ಸ್ನಾಯುರಜ್ಜು ಇದೆ. ಡಾಕ್ಟರುಗಳು ಅದನ್ನು ಅಕಿಲಿಸ್ ಟೆಂಡನ್ ಎನ್ನುತ್ತಾರೆ. ಓಡುವಾಗ ಹೆಜ್ಜೆ ಹೆಜ್ಜೆಗೂ ಮೈಭಾರದ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಮಾಂಸಖಂಡಕ್ಕೆ ಹರಿಯುವಷ್ಟು ರಕ್ತ ಅದಕ್ಕೆ ಹರಿಯುವುದಿಲ್ಲ. ಆದ್ದರಿಂದ ಕೆಟ್ಟರೆ ಬೇಗ ವಾಸಿಯಾಗುವುದಿಲ್ಲ. ವಯಸ್ಸಾದವರಿಗೆ ಇನ್ನೂ ನಿಧಾನ.

ಎಂಟು ತಿಂಗಳು ಸುಮ್ಮನೆ ಕೂತೆವು. ನೋವು ಹೋಯಿತು. ನೋವು ಹೋದದ್ದೂ ಕಾಲಿಗೆ ಬಲ ಬಂದದ್ದೂ ಒಂದೇ ಎಂದುಕೊಂಡೆವು, ಅದೇ ದೊಡ್ಡ ತಪ್ಪು. 2023ರ ಜುಲೈಯಲ್ಲಿ ಮೊದಲನೆಯ ವಾರವೇ ಹಳೆಯ ವೇಗದಲ್ಲಿ ಎಂಟು ಕಿಲೋಮೀಟರು ಓಡಿದೆವು. ಹದಿನೈದು ದಿನದಲ್ಲಿ ಕಾಲು ಮೊದಲಿಗಿಂತ ಕೆಟ್ಟಿತು.

ಆ ವರ್ಷ ದಸರಾ ರಜೆಯಲ್ಲಿ ಸಂಸಾರ ಸಮೇತ ಶ್ರವಣಬೆಳಗೊಳಕ್ಕೆ ಹೋದೆವು. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು. ಡೋಲಿಯಲ್ಲಿ ಕೂರಲು ಅಭಿಮಾನ ಬಿಡಲಿಲ್ಲ. ಎಲ್ಲರ ಚಪ್ಪಲಿ ಕಾಯುತ್ತ ಕೆಳಗೇ ಕೂತೆವು. ಮೊಮ್ಮಗ ನಾಲ್ಕು ಮೆಟ್ಟಿಲು ಹತ್ತಿ ತಿರುಗಿ ನೋಡಿ, "ತಾತ, ನೀವು ಓಡೋರಲ್ವಾ? ಮತ್ತೆ ಯಾಕೆ ಬರಲ್ಲ?" ಎಂದ. ಸ್ವಾಮಿಯ ದರ್ಶನ ಮಾಡಿಕೊಂಡು ಮನೆಯವರು ಇಳಿದು ಬರುವ ತನಕ ಅದೇ ಮಾತು ಮನಸ್ಸಿನಲ್ಲಿ ಸುತ್ತುತ್ತಿತ್ತು.

ಊರಿಗೆ ಬಂದು ಒಬ್ಬ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳ ಹತ್ತಿರ ಹೋದೆವು. ಆಕೆ ಹೇಳಿಕೊಟ್ಟದ್ದು 1998ರಲ್ಲಿ ಸ್ವೀಡನ್ ದೇಶದ ವೈದ್ಯ ಆಲ್ಫ್ರೆಡ್‌ಸನ್ ಪ್ರಕಟಿಸಿದ ವ್ಯಾಯಾಮ. ಮೆಟ್ಟಿಲ ಅಂಚಿಗೆ ಮುಂಗಾಲೂರಿ ನಿಲ್ಲಬೇಕು. ಒಳ್ಳೆಯ ಕಾಲಿನಿಂದ ಮೇಲೇಳಬೇಕು. ನೋವಿರುವ ಕಾಲಿನ ಮೇಲೆ ಭಾರ ಬಿಟ್ಟು, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಕ್ಕೆ ಬರುವ ತನಕ ನಿಧಾನವಾಗಿ ಇಳಿಯಬೇಕು. ಮಂಡಿ ನೇರ ಇಟ್ಟು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ 15ರಂತೆ ಮೂರು ಸಲ. ದಿನಕ್ಕೆ ಎರಡು ಹೊತ್ತು, 12 ವಾರ. ನಾವು ವ್ಯಾಪಾರಿಗಳಲ್ಲವೇ, ಕೂತಲ್ಲೇ ಲೆಕ್ಕ ಹಾಕಿದೆವು: ದಿನಕ್ಕೆ 180, ಒಟ್ಟು 15,120. ಆಕೆ ನಕ್ಕು, "ಸಾರ್, ಎಣಿಸೋದು ಸುಲಭ, ಮಾಡೋದು ಕಷ್ಟ. ಒಂದು ಪುಸ್ತಕದಲ್ಲಿ ಬರೆದಿಡಿ, ಬೆಳಿಗ್ಗೆ ಎದ್ದಾಗ ಎಷ್ಟು ನೋವು ಅಂತ ಸೊನ್ನೆಯಿಂದ ಹತ್ತರೊಳಗೆ ನೀವೇ ಅಂಕ ಕೊಡಿ" ಎಂದರು.

2023ರ ದೀಪಾವಳಿಗೆ ಅಂಗಡಿಯ ಹೊಸ ಪುಸ್ತಕದ ಜೊತೆ ಕಾಲಿಗೂ ಒಂದು ಪುಸ್ತಕ ತೆರೆದೆವು. ಅದನ್ನು ಬೀಗದ ಪೆಟ್ಟಿಗೆಯಲ್ಲಿಡದೆ ಊಟದ ಮೇಜಿನ ಮೇಲೆ ಇಟ್ಟೆವು. ಮನೆಯವರು ದಿನಾ ಓದುತ್ತಿದ್ದರು. ನೋವು 5 ಇದ್ದ ದಿನ 2 ಎಂದು ಬರೆದರೆ, ಮೆಟ್ಟಿಲು ಇಳಿಯುವ ಸದ್ದಿನಲ್ಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು. 12 ವಾರ ಮುಗಿದರೂ ನಮ್ಮ ಅಂಕ ಸೊನ್ನೆಗೆ ಬರಲಿಲ್ಲ. ಆಕೆ "ಇನ್ನೂ 12 ವಾರ" ಎಂದರು. ಮಾಡಿದೆವು.

ಇಂಥ ಕಷ್ಟ ನಮ್ಮಂಥ ಮುದುಕರಿಗೆ ಮಾತ್ರವಲ್ಲ. ಕೆನ್ಯಾ ದೇಶದ ಜೆಫ್ರಿ ಕಾಮ್‌ವೊರೊರ್ 2014ರಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟ ಗೆದ್ದವರು. 2014, 2016, 2018, ಮೂರು ಸಲವೂ ಹಾಫ್ ಮ್ಯಾರಥಾನಿನ ವಿಶ್ವ ಚಾಂಪಿಯನ್. 2016ರಲ್ಲಿ ಕಾರ್ಡಿಫ್ ನಗರದಲ್ಲಿ ಓಟ ಶುರುವಾದ ಜಾಗದಲ್ಲೇ ಬಿದ್ದು, ಎದ್ದು ಗೆದ್ದರು. 2019ರಲ್ಲಿ 58 ನಿಮಿಷ 1 ಸೆಕೆಂಡಿನ ವಿಶ್ವದಾಖಲೆ ಮಾಡಿದರು. 2020ರ ಜೂನಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಮೋಟಾರ್ ಬೈಕ್ ಗುದ್ದಿ ಮೊಳಕಾಲಿನ ಕೆಳಗಿನ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆ ಆಯಿತು. ಒಂದು ವರ್ಷದ ಮೇಲೆ ಒಲಿಂಪಿಕ್ಸ್ ಆಯ್ಕೆಯ ಓಟ ಗೆದ್ದರು. ಆದರೆ ಮತ್ತೆ ಗಾಯವಾಗಿ ಟೋಕಿಯೋದಲ್ಲಿ ಓಡಲಾಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ವೇಲೆನ್ಸಿಯಾದ ಪೂರ್ಣ ಮ್ಯಾರಥಾನನ್ನು 2 ಗಂಟೆ 5 ನಿಮಿಷ 23 ಸೆಕೆಂಡಿನಲ್ಲಿ ಮುಗಿಸಿದರು. ಇಪ್ಪತ್ತೆಂಟು ತುಂಬುವ ಮೊದಲೇ ಮೂಳೆ ಮುರಿದುಕೊಂಡ ವಿಶ್ವ ಚಾಂಪಿಯನ್ನನಿಗೇ ವಾಪಸು ಬರುವ ದಾರಿ ನೇರವಾಗಿರಲಿಲ್ಲ. ಅರವತ್ತು ದಾಟಿದ ಪಾತ್ರೆ ವ್ಯಾಪಾರಿಗೆ ಎಂಟು ತಿಂಗಳಲ್ಲಿ ಎಲ್ಲ ಸರಿಯಾಗಬೇಕೇ?

ಗಾಯವಾದಾಗ ಸಲಹೆ ಕೊಡುವವರು ಬಹಳ. ಮಾತ್ರೆ, ಪುಡಿ ಕೊಡುವವರೂ ಬಹಳ. ನಮ್ಮ ಮನೆಗಳವರು ಇಲ್ಲಿ ಎಚ್ಚರವಾಗಿರಬೇಕು. ಕೀಲಿಗೆಂದು ಮಾರುವ ಗ್ಲುಕೋಸಮೈನ್ ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಕೊಲಾಜೆನ್ ಪುಡಿ ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನದು. ಎಷ್ಟೋ ಕ್ಯಾಪ್ಸೂಲುಗಳ ಹೊದಿಕೆ ಜಿಲಾಟಿನ್, ಅದೂ ಪ್ರಾಣಿಜನ್ಯ. ಓಟಗಾರರು ದಾರಿಯಲ್ಲಿ ಹೀರುವ ಕೆಲವು ಜೆಲ್‌ಗಳಲ್ಲಿ ಜೇನುತುಪ್ಪವಿರುತ್ತದೆ. ಸರ್ಕಾರದ ನಿಯಮದಲ್ಲಿ ಜೇನು ಸಸ್ಯಾಹಾರ, ಆದ್ದರಿಂದ ಹಸಿರು ಗುರುತು ನೋಡಿದರೆ ಸಾಲದು, ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಡಾಕ್ಟರನ್ನು ನಾಚಿಕೆಯಿಲ್ಲದೆ ಕೇಳಬೇಕು. ನಾವು ಕೇಳಿದೆವು, ಅವರು ಬೇಸರಪಡದೆ ಬೇರೆ ಬರೆದುಕೊಟ್ಟರು.

2024ರ ಬೇಸಿಗೆಯಲ್ಲಿ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆಯಿಂದ ಶುರು ಮಾಡಿದೆವು. ಓಡುವಾಗ ಸ್ವಲ್ಪ ನೋವಿದ್ದರೆ ಪರವಾಗಿಲ್ಲ, ಮಾರನೆಯ ಬೆಳಿಗ್ಗೆ ಅದು ಹೆಚ್ಚಾಗಿರಬಾರದು ಎಂಬುದೊಂದೇ ನಿಯಮ. ಹೆಚ್ಚಿದ್ದರೆ ಆ ದಿನ ಓಟ ಇಲ್ಲ.

2025ರಲ್ಲಿ ಬೆಂಗಳೂರಿನ ಒಂದು ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟೆವು. ಹಿಂದಿನ ದಿನ ಸೂರ್ಯಾಸ್ತಕ್ಕೆ ಮುಂಚೆ ಅನ್ನ, ಬೇಳೆಸಾರು ಉಂಡಿದ್ದೆವು. ಕತ್ತಲಲ್ಲಿ ಓಟ ಶುರುವಾಯಿತು. ಬೆಳಕು ಹರಿದ ಮೇಲೆ, ಮನೆಯಿಂದ ಸೋಸಿ ತಂದಿದ್ದ ನೀರಿಗೆ ಬೆಲ್ಲ, ಉಪ್ಪು, ನಿಂಬೆ ಹಾಕಿದ್ದನ್ನು ಗುಟುಕು ಗುಟುಕಾಗಿ ಕುಡಿದೆವು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ನಮಗಿಂತ ಹಿರಿಯರೊಬ್ಬರು ದಾಟಿ ಹೋದರು. ಹಳೆಯ ಅಭಿಮಾನ ಎದ್ದು ನಿಂತಿತು, ಕಾಲು ತಾನಾಗಿ ಜೋರಾಯಿತು. ಅರ್ಧ ಫರ್ಲಾಂಗು ಹೋಗುವುದರಲ್ಲಿ ಹಿಮ್ಮಡಿ ಚುರ್ ಎಂದಿತು. ಇವತ್ತಿನ ಅಂಕ ನಾಳೆ ಮೇಜಿನ ಮೇಲೆ ಬರೆಯಬೇಕಲ್ಲ ಎಂದು ನೆನಪಾಯಿತು. ನಿಂತು, ನಡೆದು, ಮತ್ತೆ ನಿಧಾನಕ್ಕೆ ಓಡಿದೆವು. ಮುಗಿಸಿದಾಗ 2 ಗಂಟೆ 51 ನಿಮಿಷ. ಹಳೆಯದಕ್ಕಿಂತ 37 ನಿಮಿಷ ಹೆಚ್ಚು. ಮಾರನೆಯ ಬೆಳಿಗ್ಗೆ ಪುಸ್ತಕದಲ್ಲಿ ಬರೆದ ಅಂಕ 2. ಅದು ನಿಜವಾದ ಎರಡು.

ಅದಾದ ಒಂದು ತಿಂಗಳಿಗೆ ಮತ್ತೆ ಬೆಳಗೊಳಕ್ಕೆ ಹೋದೆವು. ಮನೆಯವರ ಮಂಡಿಗೆ ಹೊಂದುವಷ್ಟು ನಿಧಾನವಾಗಿ, ನಾಲ್ಕು ಕಡೆ ಕೂತು ಎಲ್ಲರೂ ಹತ್ತಿದೆವು. ಚಪ್ಪಲಿ ಕಾಯಲು ಈ ಸಲ ಯಾರೂ ಕೂರಲಿಲ್ಲ.

ಮದುವೆ ಮನೆಯ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ. ಕಾಲು ಕೆಟ್ಟದ್ದು ಓಡಿದ್ದರಿಂದ ಮಾತ್ರವಲ್ಲ, ನೋವು ಮುಚ್ಚಿಟ್ಟು ಓಡಿದ್ದರಿಂದ. ನಮ್ಮ ಮನೆಗಳಲ್ಲಿ ಗಲ್ಲಾ ಮೇಲೆ ಕೂತು ಎದೆನೋವು, ಮಂಡಿನೋವು ಮುಚ್ಚಿಡುವ ಹಿರಿಯರು ಬಹಳ ಮಂದಿ ಇದ್ದಾರೆ. ಅಂಗಡಿಯ ಲೆಕ್ಕ ಮಗನಿಗೆ ತೋರಿಸುತ್ತೇವೆ. ಮೈಯ ಲೆಕ್ಕವನ್ನು ಮನೆಯವರಿಗೆ ತೋರಿಸಲು ಏನು ಸಂಕೋಚ? ಓಡುವುದು ಬಿಡುವುದು ನಿಮ್ಮ ಇಷ್ಟ, ಡಾಕ್ಟರ ಮಾತು. ಪುಸ್ತಕ ಮಾತ್ರ ಊಟದ ಮೇಜಿನ ಮೇಲಿರಲಿ.

ಜಯ ಜಿನೇಂದ್ರ.