ಗೇಮ್ ಸಂಗೀತಕ್ಕೆ ಉಚಿತ ತಂತ್ರಾಂಶವೇ ಸಾಕೇ? ಪರ–ವಿರೋಧ

ಪ್ರಶ್ನೆ

ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ವಿಡಿಯೊ ಗೇಮ್ ತಯಾರಿಕೆ ಈ ನಗರದಲ್ಲಿ ಬೆರಳೆಣಿಕೆಯ ಜನರ ಸಾಹಸವಾಗಿತ್ತು. ಇಂದು ರಾಜ್ಯ ಸರ್ಕಾರವೇ ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದು 2024–29ರ ಅವಧಿಯ ನೀತಿಯೊಂದನ್ನು ರೂಪಿಸಿದೆ. ಆದರೆ ದೊಡ್ಡ ಸಂಸ್ಥೆಗಳ ಆಚೆ, ಬಿ.ಟಿ.ಎಂ. ಬಡಾವಣೆಯ ಪಿ.ಜಿ. ಕೋಣೆಗಳಲ್ಲಿ ಮತ್ತು ಬನಶಂಕರಿ, ಜೆ.ಪಿ. ನಗರಗಳ ಬಾಡಿಗೆ ಮನೆಗಳಲ್ಲಿ, ಹಗಲಿನ ನೌಕರಿ ಮುಗಿಸಿ ಇಬ್ಬರು ಮೂವರು ಸೇರಿ ಕಟ್ಟುವ ಪುಟ್ಟ ಗೇಮ್‌ಗಳಲ್ಲಿ ಸಂಗೀತಕ್ಕೆಂದು ಉಳಿಯುವ ಹಣ ತೀರ ಕಡಿಮೆ.

ಈ ಸಂಗೀತವನ್ನು ಸಿದ್ಧಪಡಿಸುವ ಮುಖ್ಯ ಸಾಧನವೆಂದರೆ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್, ಅಂದರೆ ಧ್ವನಿಮುದ್ರಣ, ಸ್ವರಗಳ ಜೋಡಣೆ ಮತ್ತು ಮಿಶ್ರಣ ಈ ಮೂರೂ ಒಂದೇ ಕಡೆ ನಡೆಯುವ ತಂತ್ರಾಂಶ; ಬಳಕೆದಾರರ ಬಾಯಲ್ಲಿ ಇದು ‘ಡಾ’. ಸಿನಿಮಾ ದೃಶ್ಯದ ಅವಧಿ ನಿಶ್ಚಿತವಾಗಿರುತ್ತದೆ, ಆದರೆ ಗೇಮ್ ಆಡುವವರು ಒಂದೇ ಘಟ್ಟದಲ್ಲಿ ಐದು ನಿಮಿಷವೂ ಇರಬಹುದು, ಒಂದು ಗಂಟೆಯೂ ಇರಬಹುದು. ಆದ್ದರಿಂದ ಗೇಮ್‌ನ ಸಂಗೀತ ಕೊನೆಯಿಂದ ಮೊದಲಿಗೆ ಎಲ್ಲಿಯೂ ಕಡಿಯದೆ ಮರಳುವ ‘ಲೂಪ್’ ಆಗಿರಬೇಕು, ಜೊತೆಗೆ ಅಪಾಯ ಎದುರಾದಾಗ ತಾಳವಾದ್ಯ ಸೇರಿಕೊಳ್ಳುವಂತೆ, ಅದು ದೂರವಾದಾಗ ಸರಿದುಹೋಗುವಂತೆ ಬೇರೆ ಬೇರೆ ಪದರಗಳಾಗಿ, ಅಂದರೆ ‘ಸ್ಟೆಮ್’ಗಳಾಗಿ, ಒದಗಬೇಕು. ಇಷ್ಟನ್ನು ನಿರ್ವಹಿಸಲು ಉಚಿತ ತಂತ್ರಾಂಶವನ್ನೇ ನೆಚ್ಚಿಕೊಳ್ಳಬಹುದೇ, ಅಥವಾ ಅಗ್ಗದ್ದಾದರೂ ಸರಿ, ಹಣ ಕೊಟ್ಟು ಕೊಂಡದ್ದೇ ಬೇಕೇ ಎಂಬುದು ಇಲ್ಲಿನ ಚರ್ಚೆ. ಬೀಗ ಮುರಿದ ಕಳ್ಳಪ್ರತಿಗಳು ಕಾನೂನಿಗೆ ವಿರುದ್ಧವಾದವು, ಕಂಪ್ಯೂಟರಿಗೂ ಅಪಾಯಕಾರಿ. ಅವುಗಳನ್ನು ಎರಡೂ ಪಕ್ಷಗಳು ಆರಂಭದಲ್ಲೇ ತಳ್ಳಿಹಾಕುತ್ತವೆ.

ಪರ: ಉಚಿತವೇ ಸಾಕು, ಉಳಿದ ಹಣ ಕಲಾವಿದರಿಗೆ ಸಲ್ಲಲಿ

ಉಚಿತ ತಂತ್ರಾಂಶ ಎಂದಾಕ್ಷಣ ಅರೆಬರೆ ಆಟಿಕೆ ಎಂದು ಭಾವಿಸುವ ಕಾಲ ಮುಗಿದಿದೆ. ಯಾರು ಬೇಕಾದರೂ ಮೂಲಸಂಕೇತವನ್ನು ನೋಡಿ ತಿದ್ದಬಹುದಾದ ಎಲ್‌ಎಂಎಂಎಸ್ ಎಂಬ ತಂತ್ರಾಂಶ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ರಚನೆಯನ್ನು ಕಡತವಾಗಿ ಹೊರತೆಗೆಯುವಾಗ ಕೊನೆಯ ಮೌನವನ್ನು ಕತ್ತರಿಸಿ ಲೂಪ್ ಆಗಿ ಕೊಡುವ ಆಯ್ಕೆಯೂ ಪ್ರತಿ ಟ್ರ್ಯಾಕನ್ನು ಪ್ರತ್ಯೇಕವಾಗಿ ಕೊಡುವ ಆಯ್ಕೆಯೂ ಅದರಲ್ಲಿವೆ. ಎಂಪಿ3 ಕಡತದ ಆದಿ ಅಂತ್ಯಗಳಲ್ಲಿ ಕ್ಷಣಾರ್ಧದ ಮೌನ ಸೇರಿಕೊಂಡು ಲೂಪ್ ಎಡವುವುದರಿಂದ ಗೇಮ್‌ನವರು ಸಾಮಾನ್ಯವಾಗಿ ಓಜಿಜಿ ಅಥವಾ ವೇವ್ ಕಡತಗಳನ್ನು ಕೇಳುತ್ತಾರೆ. ಎಲ್‌ಎಂಎಂಎಸ್ ಇವೆರಡನ್ನೂ ಕೊಡುತ್ತದೆ. ಪದರಗಳನ್ನು ಸಂದರ್ಭಕ್ಕೆ ತಕ್ಕಂತೆ ಕೂಡಿಸಿ ಕಳೆಯುವ ಕೆಲಸಕ್ಕೂ ಹಣದ ಅಗತ್ಯ ಉಳಿದಿಲ್ಲ, ಏಕೆಂದರೆ ಮುಕ್ತ ಗೇಮ್ ಎಂಜಿನ್ ಆದ ಗೋಡೋ, 2024ರ ತನ್ನ 4.3ನೇ ಆವೃತ್ತಿಯಿಂದ, ಏಕಕಾಲಕ್ಕೆ ನುಡಿಯುವ ಪದರಗಳನ್ನೂ ಒಂದು ತುಣುಕಿನಿಂದ ಇನ್ನೊಂದಕ್ಕೆ ತಾಳ ತಪ್ಪದೆ ದಾಟುವ ವ್ಯವಸ್ಥೆಯನ್ನೂ ತನ್ನೊಳಗೇ ಹೊಂದಿದೆ.

ಹಣ ಕೊಟ್ಟರೆ ಭದ್ರತೆ ಸಿಗುತ್ತದೆ ಎಂಬ ನಂಬಿಕೆಗೆ ಕೇಕ್‌ವಾಕ್ ಸಂಸ್ಥೆಯ ಕಥೆ ಸರಿಯಾದ ಉತ್ತರ. ಆ ಸಂಸ್ಥೆ ತನ್ನ ಸೋನಾರ್ ತಂತ್ರಾಂಶಕ್ಕೆ 2016ರಲ್ಲಿ ಆಜೀವ ಪರಿಷ್ಕರಣೆಯ ಭರವಸೆಯನ್ನು ಮಾರಿತು. 2017ರ ನವೆಂಬರಿನಲ್ಲಿ ಅದರ ಒಡೆತನ ಹೊಂದಿದ್ದ ಗಿಬ್ಸನ್ ಕಂಪನಿ ಆ ತಂತ್ರಾಂಶದ ಅಭಿವೃದ್ಧಿಯನ್ನೇ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಸಂಸ್ಥೆ ಅದನ್ನು ಕೊಂಡು ಉಚಿತವಾಗಿ ಹಂಚಿತು, 2023ರಲ್ಲಿ ಮತ್ತೆ ಹಣದ ಆವೃತ್ತಿಯನ್ನು ಘೋಷಿಸಿತು. ಒಬ್ಬರ ಒಡೆತನದಲ್ಲಿರುವ ತಂತ್ರಾಂಶದ ಹಣೆಬರಹ, ಅದಕ್ಕೆ ಬೆಲೆ ಇರಲಿ ಇಲ್ಲದಿರಲಿ, ಒಡೆಯರ ಕೈಯಲ್ಲಿರುತ್ತದೆ; ಮೂಲಸಂಕೇತವೇ ಸಾರ್ವಜನಿಕವಾಗಿರುವ ಮುಕ್ತ ತಂತ್ರಾಂಶವನ್ನು ಮಾತ್ರ ಯಾರೂ ಹಿಂದಕ್ಕೆ ಪಡೆಯಲಾರರು. ಸಾಧನ ಸರಳವಾಗಿದ್ದರೆ ಕೃತಿ ಸೊರಗುತ್ತದೆ ಎಂಬ ಮಾತೂ ನಿಲ್ಲದು: ಜಪಾನಿನ ಡೈಸುಕೆ ಅಮಾಯಾ ಒಬ್ಬರೇ ವರ್ಷಗಟ್ಟಲೆ ದುಡಿದು 2004ರಲ್ಲಿ ಉಚಿತವಾಗಿ ಹೊರತಂದ ‘ಕೇವ್ ಸ್ಟೋರಿ’ ಗೇಮ್‌ನ ಸಂಗೀತ, ಅವರೇ ಬರೆದುಕೊಂಡ ಪುಟ್ಟ ತಂತ್ರಾಂಶದಲ್ಲಿ ಹುಟ್ಟಿದ್ದು.

ಇವೆಲ್ಲಕ್ಕಿಂತ ಗಟ್ಟಿಯಾದ ಕಾರಣ ಕರ್ನಾಟಕ ಸಂಗೀತದ ಸ್ವಭಾವದಲ್ಲೇ ಇದೆ. ಗಣಕ ಸಂಗೀತದ ವಾದ್ಯಗಳಿಗೆ 1991ರಲ್ಲಿ ರೂಪುಗೊಂಡ ‘ಜನರಲ್ ಮಿಡಿ’ ಎಂಬ ಸಮಾನ ಪಟ್ಟಿಯ 128 ಸ್ಥಾನಗಳಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆಗೂ ಮೃದಂಗಕ್ಕೂ ಅದರಲ್ಲಿ ಜಾಗವಿಲ್ಲ. ಆನಂತರ ಬಂದ ದುಬಾರಿ ವಾದ್ಯಸಂಗ್ರಹಗಳು ಬಿಡಿ ಸ್ವರಗಳನ್ನು ಒದಗಿಸಿದರೂ, ಒಂದೇ ಮೆಟ್ಟಿನ ಮೇಲೆ ತಂತಿಯನ್ನೆಳೆದು ಹಲವು ಸ್ವರಸ್ಥಾನಗಳನ್ನು ಮುಟ್ಟಿ ಬರುವ ವೈಣಿಕರ ಗಮಕವನ್ನು ಮೌಸಿನಿಂದ ಗೆರೆ ಎಳೆದು ಪಡೆಯುವುದು ಕಷ್ಟ. ದಕ್ಷಿಣ ಬೆಂಗಳೂರಿನಲ್ಲಿ ಈ ಕೊರತೆಯನ್ನು ನೀಗಿಸಲು ದೂರ ಹೋಗಬೇಕಿಲ್ಲ: ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಪಾಠ ಹೇಳುವ, ಕಛೇರಿಗೆ ಪಕ್ಕವಾದ್ಯ ನುಡಿಸುವ ವಿದ್ವಾಂಸರಿದ್ದಾರೆ; 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ವಸ್ತುಸಂಗ್ರಹಾಲಯ ಜೆ.ಪಿ. ನಗರದ 7ನೇ ಹಂತದಲ್ಲೇ ಇದೆ. ಕೈಯಲ್ಲಿ ಐದು ಸಾವಿರ ರೂಪಾಯಿ ಮಾತ್ರ ಇರುವಾಗ ಅದನ್ನು ಹೊರದೇಶದ ಕಂಪನಿಗೆ ಕಟ್ಟುವ ಬದಲು ಒಬ್ಬ ಯುವ ಮೃದಂಗ ವಾದಕರ ಸಂಭಾವನೆಗೆ ಕೊಟ್ಟರೆ, ಗೇಮ್‌ಗೆ ಬೇರೆಲ್ಲೂ ಸಿಗದ ನಾದ ದೊರೆಯುತ್ತದೆ, ಹಣವೂ ಸಂಗೀತವನ್ನೇ ನಂಬಿ ಬದುಕುವವರ ಕೈ ಸೇರುತ್ತದೆ.

ವಿರೋಧ: ಅಲ್ಪ ಬೆಲೆ ತೆರುವುದೇ ಲೇಸು

ಮೃದಂಗ ವಾದಕರಿಗೆ ಸಂಭಾವನೆ ಸಲ್ಲಬೇಕೆಂಬ ಮಾತನ್ನು ಈ ಪಕ್ಷವೂ ಪೂರ್ತಿಯಾಗಿ ಒಪ್ಪುತ್ತದೆ. ಆದರೆ ಅವರು ಬಂದು ಕುಳಿತ ಮೇಲೆ ಅವರ ವಾದನವನ್ನು ಯಾವ ಸಾಧನ ಹಿಡಿದಿಡುತ್ತದೆ ಎಂಬ ಪ್ರಶ್ನೆಯನ್ನು ಎತ್ತುತ್ತದೆ. ಎಲ್‌ಎಂಎಂಎಸ್‌ನ 1.2ನೇ ಸ್ಥಿರ ಆವೃತ್ತಿಯಲ್ಲಿ ಮೈಕಿನಿಂದ ನೇರವಾಗಿ ಧ್ವನಿಮುದ್ರಿಸುವ ಸೌಲಭ್ಯವೇ ಇಲ್ಲ. ಹೀಗಾಗಿ ಅಡಾಸಿಟಿ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಮುದ್ರಿಸಿ, ಕಡತವನ್ನು ಇಲ್ಲಿಗೆ ತಂದು, ಲಯಕ್ಕೆ ಹೊಂದಿಸಿ, ಹೊಂದದಿದ್ದರೆ ಮತ್ತೆ ಹಿಂದಕ್ಕೆ ಹೋಗಿ ತಿದ್ದಬೇಕಾಗುತ್ತದೆ. ಆರ್ಡರ್ ಎಂಬ ಮುಕ್ತ ತಂತ್ರಾಂಶ ಧ್ವನಿಮುದ್ರಣದಲ್ಲಿ ಸಮರ್ಥವೇ. ಆದರೆ ಅದರ ಮೂಲಸಂಕೇತ ಉಚಿತವಾದರೂ ಅಧಿಕೃತವಾಗಿ ಸಿದ್ಧಪಡಿಸಿದ ಪ್ರತಿಗೆ ಅದನ್ನು ರಚಿಸಿದವರೇ ಹಣ ಕೇಳುತ್ತಾರೆ. ಒಳ್ಳೆಯ ತಂತ್ರಾಂಶವನ್ನು ಕಾಪಾಡಿಕೊಂಡು ಹೋಗಲು ಖರ್ಚಿದೆ ಎಂಬುದನ್ನು ಮುಕ್ತ ತಂತ್ರಾಂಶದವರೇ ಹೀಗೆ ಒಪ್ಪಿಕೊಂಡಂತಾಯಿತು.

ಈ ಖರ್ಚು ಹೆಚ್ಚೇನೂ ಅಲ್ಲ ಎಂಬುದಕ್ಕೆ ರೀಪರ್ ಎಂಬ ತಂತ್ರಾಂಶ ಉದಾಹರಣೆ. ಅದನ್ನು 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ಆನಂತರದ ರಿಯಾಯಿತಿ ಪರವಾನಗಿಯ ಬೆಲೆ 60 ಡಾಲರ್, ತೆರಿಗೆ ಬಿಟ್ಟು ಐದು ಸಾವಿರ ರೂಪಾಯಿಗೆ ತುಸು ಹೆಚ್ಚು. ಖಾಸಗಿ ಬಳಕೆಯವರಿಗಲ್ಲದೆ, ಅದರಿಂದ ಗಳಿಸುವವರಿಗೂ, ವರ್ಷದ ಒಟ್ಟು ಗಳಿಕೆ 20,000 ಡಾಲರ್ ಮೀರದಿದ್ದರೆ ಇದೇ ಬೆಲೆ. ಇಷ್ಟಕ್ಕೆ ದೊರೆಯುವುದು ಗೇಮ್ ಸಂಗೀತಕ್ಕೆಂದೇ ಮಾಡಿಸಿದಂಥ ಅನುಕೂಲ. ಒಂದೇ ಯೋಜನೆಯಲ್ಲಿ ಕಾಡು, ಯುದ್ಧ, ಗೆಲುವು ಎಂದು ಹತ್ತು ತುಣುಕುಗಳನ್ನು ಗುರುತಿಸಿ, ಪ್ರತಿ ತುಣುಕಿಗೂ ಮೃದಂಗ, ವೀಣೆ, ತಂಬೂರಿ ಪದರಗಳನ್ನು ಬೇರೆಯಾಗಿ ಬೇಕೆಂದರೆ, ‘ರೀಜನ್ ರೆಂಡರ್ ಮ್ಯಾಟ್ರಿಕ್ಸ್’ ಎಂಬ ಕೋಷ್ಟಕದಲ್ಲಿ ಗುರುತು ಹಾಕಿದರೆ ಸಾಕು, ಮೂವತ್ತು ಕಡತಗಳೂ ಹೆಸರುಸಹಿತ ಒಮ್ಮೆಗೇ ಹೊರಬರುತ್ತವೆ. ಲೂಪಿನ ಕೊನೆಯ ಪೆಟ್ಟಿನ ಅನುರಣನ, ಅಂದರೆ ಪೆಟ್ಟು ನಿಂತ ಮೇಲೂ ಉಳಿಯುವ ಗುಂಯ್ ನಾದ, ಮೊದಲ ಆವರ್ತದ ಮೇಲೆ ಹರಡಿಕೊಳ್ಳದಿದ್ದರೆ ಮರಳುವ ಜಾಗದಲ್ಲಿ ಕತ್ತರಿಸಿದಂತೆ ಕೇಳುತ್ತದೆ. ತುಣುಕನ್ನು ಎರಡು ಬಾರಿ ನಡೆಸಿ ಎರಡನೆಯದನ್ನು ಮಾತ್ರ ಉಳಿಸಿಕೊಡುವ ಆಯ್ಕೆ ಅದರಲ್ಲಿದ್ದು, ಈ ದೋಷ ಅಲ್ಲಿಯೇ ನಿವಾರಣೆಯಾಗುತ್ತದೆ. ಗೇಮ್ ಕಟ್ಟುವವರು ವಾರಕ್ಕೊಮ್ಮೆ ಬದಲಾವಣೆ ಕೇಳುವುದರಿಂದ ಪ್ರತಿ ಬಾರಿಯೂ ಉಳಿಯುವ ಈ ದುಡಿಮೆ, ರಾತ್ರಿಯ ಎರಡು ಗಂಟೆ ಮಾತ್ರ ಬಿಡುವಿರುವವರಿಗೆ ಐದು ಸಾವಿರಕ್ಕಿಂತ ಹೆಚ್ಚಿನದು.

ಉಚಿತ ಎಂದು ಸಿಗುವ ವಾದ್ಯಧ್ವನಿಗಳಲ್ಲಿ ಇನ್ನೊಂದು ತೊಡಕಿದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಒಂದು ಬಗೆ ವಾಣಿಜ್ಯ ಬಳಕೆಯನ್ನು ನಿಷೇಧಿಸುವುದರಿಂದ, ಆ ಪರವಾನಗಿಯ ಧ್ವನಿಯೊಂದು ಗೊತ್ತಿಲ್ಲದೆ ಸೇರಿಕೊಂಡರೂ ಮಾರಾಟಕ್ಕಿಟ್ಟ ಗೇಮ್ ತಕರಾರಿಗೆ ಸಿಲುಕಬಹುದು. ಸಣ್ಣ ಬಂಡವಾಳದಲ್ಲಿ ಗೆದ್ದ ಗೇಮ್‌ಗಳೂ ಕೊಂಡ ಸಾಧನದತ್ತಲೇ ಕೈ ತೋರಿಸುತ್ತವೆ: 2015ರ ‘ಅಂಡರ್‌ಟೇಲ್’ಗೆ ಟೋಬಿ ಫಾಕ್ಸ್ ಬಳಸಿದ್ದು ಎಫ್‌ಎಲ್ ಸ್ಟುಡಿಯೊ, 2016ರ ‘ಸ್ಟಾರ್‌ಡ್ಯೂ ವ್ಯಾಲಿ’ಗೆ ಎರಿಕ್ ಬರೋನ್ ಬಳಸಿದ್ದು ರೀಸನ್, ಎರಡೂ ಹಣ ಕೊಟ್ಟು ಕೊಳ್ಳುವಂಥವು. ಬೆಂಗಳೂರಿನ ಸಂಗೀತಲೋಕಕ್ಕೂ ಈ ಪಾಠ ಹೊಸದಲ್ಲ. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಯ ಪಾಠದ ಕೋಣೆಗೆ ಬಂದದ್ದು ಅದರ ಬೆಲೆಯನ್ನು ಸಂಗೀತಗಾರರು ಕೊಟ್ಟದ್ದರಿಂದ. ಆ ಬೆಲೆಯೇ ಮುಂದಿನ ಸುಧಾರಣೆಗೆ ಆಧಾರವಾಯಿತು.

ನಿರ್ಣಯದ ದಾರಿ

ಎರಡೂ ವಾದಗಳು ಒಂದೆಡೆ ಕೂಡುತ್ತವೆ: ಸಂಗೀತಕ್ಕೆ ಮೀಸಲಾದ ಹಣದ ಮೊದಲ ಪಾಲು ನುಡಿಸುವವರಿಗೆ ಸೇರಬೇಕು. ಆ ನೆಲೆಯಿಂದ ನೋಡಿದರೆ ಆಯ್ಕೆಯ ಅಳತೆ ಸ್ಪಷ್ಟವಾಗುತ್ತದೆ. ಸಂಶ್ಲೇಷಿತ ನಾದಗಳಿಂದಲೇ, ಅಂದರೆ ಗಣಕವೇ ಹುಟ್ಟಿಸುವ ಧ್ವನಿಗಳಿಂದಲೇ, ಪೂರ್ತಿ ರಚನೆಯಾಗುವ ಒಗಟಿನ ಗೇಮ್‌ಗೆ ಅಥವಾ ಹಳೆಯ ಕಾಲದ 8-ಬಿಟ್ ಶೈಲಿಯ ಗೇಮ್‌ಗೆ ಉಚಿತ ತಂತ್ರಾಂಶ ಧಾರಾಳವಾಗಿ ಸಾಕು; ಅಲ್ಲಿ ಹಣ ಸುರಿಯಲು ಕಾರಣವೇ ಇಲ್ಲ. ವೀಣೆಯೋ ಮೃದಂಗವೋ ನಿಜವಾಗಿ ಬಂದು ಕುಳಿತುಕೊಳ್ಳುವ ಗೇಮ್‌ಗಾದರೆ ವಿರೋಧ ಪಕ್ಷದ ವಾದವೇ ಹೆಚ್ಚು ತೂಕದ್ದು, ಏಕೆಂದರೆ ಕಲಾವಿದರ ಸಮಯ ಅಮೂಲ್ಯವಾದದ್ದು ಮತ್ತು ಎರಡು ತಂತ್ರಾಂಶಗಳ ನಡುವಿನ ಓಡಾಟದಲ್ಲಿ ಅದು ವ್ಯರ್ಥವಾಗಬಾರದು. ಆಗಲೂ ಎರಡು ತಿಂಗಳ ಪ್ರಾಯೋಗಿಕ ಅವಧಿಯಲ್ಲಿ ಒಂದು ಲೂಪನ್ನು ಆರಂಭದಿಂದ ಕೊನೆಯವರೆಗೆ ಮುಗಿಸಿ, ಗೇಮ್‌ನೊಳಗೆ ಕೂರಿಸಿ ಕೇಳಿದ ಬಳಿಕವೇ ಹಣ ಕಟ್ಟುವುದು ವಿವೇಕ.

ಧ್ವನಿಮುದ್ರಣಕ್ಕೆ ಮೊದಲು ಬರಹದ ಒಪ್ಪಂದವೂ ಆಗಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಪ್ರದರ್ಶಕ ಕಲಾವಿದರ ಹಕ್ಕುಗಳನ್ನು ಬಲಪಡಿಸಿದೆ. ಆದ್ದರಿಂದ ಯಾವ ಗೇಮ್‌ಗೆ, ಎಷ್ಟು ಸಂಭಾವನೆಗೆ, ಯಾವ ಬಳಕೆಗೆ ಎಂಬುದನ್ನು ಒಂದು ಪುಟದಲ್ಲಾದರೂ ಬರೆದು ಇಬ್ಬರೂ ಸಹಿ ಹಾಕಿ, ಕಲಾವಿದರ ಹೆಸರನ್ನು ಗೇಮ್‌ನ ನಾಮಾವಳಿಯಲ್ಲಿ ಕಾಣಿಸುವುದು ಕನಿಷ್ಠ ಕರ್ತವ್ಯ. ತಂತ್ರಾಂಶಕ್ಕೆ ಐದು ಸಾವಿರ ಕೊಡಲಾಗದವರು ಗೇಮ್ ಸಂಗೀತದಿಂದ ದೂರ ಉಳಿಯಬೇಕಿಲ್ಲ, ಆದರೆ ನುಡಿಸಿದವರಿಗೆ ಏನನ್ನೂ ಕೊಡದೆ ಅವರ ನಾದವನ್ನು ಬಳಸುವುದನ್ನು ಯಾವ ಬಡತನವೂ ಸಮರ್ಥಿಸಲಾರದು.